ಕೋಚ್ ಅವರನ್ನು ಕಳಿಸುವ ಮೊದಲು: ನಮ್ಮ ಹಾಕಿ ಕ್ಲಬ್ಬಿಗೆ ಒಂದು ಬಹಿರಂಗ ಪತ್ರ

ನಮ್ಮ ಕ್ಲಬ್ಬಿನ ಅಧ್ಯಕ್ಷರಿಗೆ, ಕಾರ್ಯದರ್ಶಿಯವರಿಗೆ, ಕಾರ್ಯಕಾರಿ ಸಮಿತಿಯ ಎಲ್ಲರಿಗೂ, ಬಿಸಿಲು ಮಳೆ ನೋಡದೆ ಅಕ್ಕಿತಿಮ್ಮನಹಳ್ಳಿ ಸ್ಟೇಡಿಯಂಗೆ ಬಂದು ಕೂರುವ ಸದಸ್ಯರಿಗೂ ನಮಸ್ಕಾರ.

ಭಾನುವಾರದ ಸರ್ವಸದಸ್ಯರ ಸಭೆಯ ನೋಟಿಸ್ ಕೈಸೇರಿತು. ಅದರಲ್ಲಿ ಮೂರನೇ ವಿಷಯ, ‘ಸತತ ಸೋಲಿನ ಕಾರಣ ಕೋಚ್ ಮತ್ತು ಮ್ಯಾನೇಜರ್ ಬದಲಾವಣೆ’. ಸಭೆಯಲ್ಲಿ ಒಬ್ಬರಿಗೆ ಎರಡು ನಿಮಿಷ ಮಾತಾಡಲು ಬಿಡುತ್ತೀರಿ. ನನಗೆ ಹೇಳುವುದು ಅದಕ್ಕಿಂತ ಜಾಸ್ತಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದಕ್ಕೂ ಕಾರಣ ಇದೆ. ಈ ಊರಿನಲ್ಲಿ ನಮ್ಮಂಥ ಚಿಕ್ಕ ಕ್ಲಬ್ಬುಗಳು ಇನ್ನೂ ಇವೆ. ಅಲ್ಲಿ ಆಡುವವರು, ಮಕ್ಕಳನ್ನು ಆಡಲು ಕಳಿಸುವವರು ಇದನ್ನು ಓದಲಿ ಅಂತ ನನ್ನ ಆಸೆ.

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಕೋಚ್ ಅವರನ್ನು ಉಳಿಸಿಕೊಳ್ಳುವುದಕ್ಕೆ. ಬದಲಾಗಬೇಕಾಗಿರುವುದು ಸಮಿತಿ ತಂಡವನ್ನು ನಡೆಸುವ ರೀತಿ. ಅದು ಬದಲಾಗದಿದ್ದರೆ ಸಮಿತಿಯೇ ಬದಲಾಗಬೇಕು. ಇದನ್ನು ಬರೆಯುವಾಗ ನನಗೆ ಖುಷಿಯಿಲ್ಲ. ಸಮಿತಿಯಲ್ಲಿರುವ ಅರ್ಧಕ್ಕರ್ಧ ಜನರ ಜೊತೆ ನಾನು ಆಡಿದ್ದೇನೆ. ಪಂದ್ಯ ಮುಗಿದ ಮೇಲೆ ಶಾಂತಿನಗರದ ಬಸ್ ನಿಲ್ದಾಣದ ಹತ್ತಿರ ಬೈಟು ಕಾಫಿ ಕುಡಿದು ಬೆಳೆದವರು ನಾವು. ನಿಮ್ಮ ಮೇಲಿನ ಗೌರವ ಹಾಗೇ ಇದೆ. ಆದರೂ ಈ ಮಾತನ್ನು ಯಾರಾದರೂ ಹೇಳಬೇಕು.

ನಾಲ್ಕು ವರ್ಷದಲ್ಲಿ ಮೂರು ಸೆಮಿಫೈನಲ್, ಒಂದು ಫೈನಲ್. ನಾಲ್ಕರಲ್ಲೂ ಸೋಲು. ಎಲ್ಲರಿಗೂ ನೋವಾಗಿದೆ, ಯಾರು ಇಲ್ಲ ಅಂತಾರೆ? ಆದರೆ ನಾವು ಹೇಗೆ ಸೋತೆವು ಅನ್ನುವುದನ್ನು ಯಾರೂ ಕೂತು ನೋಡಿಲ್ಲ. ನಾನು ನೋಡಿದ್ದೇನೆ. ಗೋಲ್‌ಕೀಪರ್ ಗ್ಲೌಸ್ ಕಳಚಿಟ್ಟ ಮೇಲೆ ಪ್ರತಿ ಪಂದ್ಯಕ್ಕೂ ಒಂದು ನೋಟ್‌ಬುಕ್ ಹಿಡಿದು ಹೋಗುತ್ತೇನೆ. ಯಾವ ನಿಮಿಷದಲ್ಲಿ ಯಾರು ಚೆಂಡು ಕಳೆದುಕೊಂಡರು, ಪೆನಾಲ್ಟಿ ಕಾರ್ನರ್ ಹೇಗೆ ಬಂತು, ಯಾರು ಬಾರಿಸಿದರು, ಎಲ್ಲ ಬರೆದಿಟ್ಟಿದ್ದೇನೆ.

ಈ ವರ್ಷದ ಸೆಮಿಫೈನಲ್ ತೆಗೆದುಕೊಳ್ಳಿ. ಕೊನೆಯ ಕ್ವಾರ್ಟರ್‌ನಲ್ಲಿ 2-1 ಮುಂದಿದ್ದೆವು. ನಾಲ್ಕು ನಿಮಿಷ ಉಳಿದಿತ್ತು. ನಮ್ಮ ಡಿಫೆಂಡರ್ ಒಬ್ಬ ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಸುಸ್ತಾಗಿ ಸ್ಟಿಕ್ ಹಾಕಿದ, ಚೆಂಡು ಅವನ ಕಾಲಿಗೆ ಬಡಿಯಿತು, ಹಾಕಿಯಲ್ಲಿ ಅದು ತಪ್ಪು. ಪೆನಾಲ್ಟಿ ಕಾರ್ನರ್, ಗೋಲು, 2-2. ಆಮೇಲೆ ಶೂಟೌಟ್. ಐದು ಜನ ಹೋಗಿ ಒಬ್ಬನೇ ಗೋಲು ಹೊಡೆದ. ಪಂದ್ಯ ಮುಗಿದ ಮೇಲೆ ನಮ್ಮ ಗೋಲ್‌ಕೀಪರ್ ಹುಡುಗ ಪ್ಯಾಡ್ ಬಿಚ್ಚದೆ ಕಂಬಕ್ಕೆ ಒರಗಿ ಕೂತಿದ್ದ. ಹತ್ತೊಂಬತ್ತು ವರ್ಷದ ಹುಡುಗ. ಪಕ್ಕದಲ್ಲಿ ಹೋಗಿ ಕೂತೆ. ‘ಅಂಕಲ್, ಟರ್ಫ್ ಮೇಲೆ ಶೂಟೌಟ್ ಪ್ರಾಕ್ಟೀಸ್ ಮಾಡಿ ಎರಡು ತಿಂಗಳಾಯ್ತು’ ಅಂದ.

ಯಾಕೆ ಅಂತ ನಿಮಗೆ ಗೊತ್ತು. ಖರ್ಚು ಉಳಿಸಬೇಕು ಅಂತ ವಾರಕ್ಕೆ ಮೂರು ದಿನ ಇದ್ದ ಟರ್ಫ್ (ಕೃತಕ ಹುಲ್ಲಿನ ಮೈದಾನ) ಬುಕಿಂಗನ್ನು ಒಂದು ದಿನಕ್ಕೆ ಇಳಿಸಿದ್ದು ಸಮಿತಿ. ಉಳಿದ ದಿನ ಹುಡುಗರು ಮಣ್ಣಿನ ಮೈದಾನದಲ್ಲಿ ಓಡುತ್ತಾರೆ. ಹಾಕಿ ಆಡದವರಿಗೆ ಇದು ಚಿಕ್ಕ ವಿಷಯ ಅನ್ನಿಸಬಹುದು. ಶೂಟೌಟ್ ಅಂದರೆ 23 ಮೀಟರ್ ಗೆರೆಯಿಂದ ಚೆಂಡು ತಳ್ಳಿಕೊಂಡು ಬಂದು ಎಂಟು ಸೆಕೆಂಡಿನೊಳಗೆ ಗೋಲು ಹೊಡೆಯಬೇಕು. ಕೀಪರ್ ಮುಂದೆ ನುಗ್ಗಿ ಬರುತ್ತಾನೆ. ಒದ್ದೆ ಟರ್ಫ್ ಮೇಲೆ ಚೆಂಡು ಜಾರುವ ವೇಗವೇ ಬೇರೆ. ಮಣ್ಣಿನಲ್ಲಿ ಅದು ಪುಟಿಯುತ್ತದೆ, ನಿಲ್ಲುತ್ತದೆ. ಮಣ್ಣಿನಲ್ಲಿ ಕಲಿತ ಎಂಟು ಸೆಕೆಂಡು ಟರ್ಫ್ ಮೇಲೆ ಎಂಟು ಸೆಕೆಂಡಾಗಿ ಉಳಿಯುವುದಿಲ್ಲ. ಕೋಚ್ ಇದನ್ನು ಎರಡು ಸಲ ಬರೆದು ಕೇಳಿದ್ದರು. ಪತ್ರಗಳು ನಿಮ್ಮ ಕಡತದಲ್ಲೇ ಇವೆ. ಒಂದಕ್ಕೂ ಉತ್ತರ ಹೋಗಿಲ್ಲ.

ನಾನು ಗೋಲ್‌ಕೀಪರ್ ಆಗಿದ್ದವನು. ಅದಕ್ಕೇ ಈ ಭಾಗ ನನ್ನನ್ನು ಜಾಸ್ತಿ ಕಾಡುತ್ತದೆ. 1998ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್ ಕೊರಿಯಾದ ಎರಡು ಪೆನಾಲ್ಟಿ ಸ್ಟ್ರೋಕ್ ತಡೆದರು. 32 ವರ್ಷದ ನಂತರ ಭಾರತಕ್ಕೆ ಆ ಚಿನ್ನ ಬಂತು. ಆಗ ಟೈಬ್ರೇಕರ್ ಅಂದರೆ ನಿಂತ ಜಾಗದಿಂದ ಸ್ಟ್ರೋಕ್. ಕೀಪರ್ ಗೆರೆಯ ಮೇಲೆ ನಿಂತು ಎದುರಾಳಿಯ ಭುಜ ನೋಡಬೇಕಿತ್ತು. ಈಗಿನ ಶೂಟೌಟ್ ಬೇರೆಯೇ ವಿದ್ಯೆ. ಯಾವಾಗ ಮುಂದೆ ಹೋಗಬೇಕು, ಯಾವಾಗ ನೆಲಕ್ಕೆ ಬೀಳಬೇಕು, ಬಿದ್ದ ಮೇಲೆ ಹೇಗೆ ಏಳಬೇಕು, ಎಲ್ಲವನ್ನೂ ನೂರಾರು ಸಲ ಮಾಡಿಯೇ ಕಲಿಯಬೇಕು. ಮೈಸೂರು ರಸ್ತೆಯಾಚೆ ಜ್ಞಾನಭಾರತಿ ಹತ್ತಿರದ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಭಾರತ ತಂಡದ ಕೀಪರ್‌ಗಳಿಗೆ ನೆದರ್ಲೆಂಡ್ಸ್‌ನಿಂದ ಡೆನ್ನಿಸ್ ವಾನ್ ಡಿ ಪೋಲ್ ಅವರನ್ನು ಕರೆಸಿ ಪ್ರತ್ಯೇಕ ಶಿಬಿರ ಮಾಡಿಸಿದ್ದಾರೆ. ಭಾರತದ ಕೀಪರ್ ಶ್ರೀಜೇಶ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಎದುರು ಶೂಟೌಟ್ ಗೆಲ್ಲಿಸಿದ್ದು ಅದೃಷ್ಟದಿಂದಲ್ಲ. ನಾವು ಅಷ್ಟೆಲ್ಲ ಮಾಡಲಾರೆವು, ನನಗೆ ಗೊತ್ತು. ಶೂಟೌಟ್‌ಗೆ ಅಂತ ವಾರಕ್ಕೆ ಎರಡು ಗಂಟೆ ಟರ್ಫ್ ಕೊಡಲಾರೆವಾ?

ಈಗ ಆಯ್ಕೆಯ ವಿಷಯ. ಹದಿನೆಂಟು ಜನರ ಪಟ್ಟಿಯನ್ನು ಸಮಿತಿಯ ಕೊಠಡಿಯಲ್ಲಿ ಐದು ಜನ ಕೂತು ಮಾಡುತ್ತಾರೆ. ಕೋಚ್ ಆ ಐವರಲ್ಲಿ ಒಬ್ಬರು ಮಾತ್ರ. ಮಿಡ್‌ಫೀಲ್ಡ್‌ಗೆ ಅವರು ಕೇಳಿದ ಹುಡುಗ ಬರಲಿಲ್ಲ, ಬೇರೊಬ್ಬ ಬಂದ. ಯಾರ ಹುಡುಗ ಅಂತ ಇಲ್ಲಿ ಬರೆಯುವುದಿಲ್ಲ, ಅವನ ತಪ್ಪೇನೂ ಇಲ್ಲ. ಆದರೆ ಸೆಮಿಫೈನಲ್‌ನಲ್ಲಿ ಮೂರನೇ ಕ್ವಾರ್ಟರ್ ಹೊತ್ತಿಗೆ ಅವನಿಗೆ ಏದುಸಿರು ಬರುತ್ತಿತ್ತು. ಅವನ ಕೆಲಸವನ್ನೂ ಹಿಂದಿದ್ದವರೇ ಮಾಡಬೇಕಾಯಿತು. ಕೊನೆಗೆ ಡಿ ಒಳಗೆ ಸುಸ್ತಾದ ಆ ಡಿಫೆಂಡರ್ ಸುಮ್ನೆ ಸುಸ್ತಾಗಲಿಲ್ಲ. ಅಡುಗೆಯವನ ಕೈಗೆ ಸಾಮಾನು ಬೇರೆಯವರು ಆರಿಸಿ ಕೊಟ್ಟು, ಸಾರು ಕೆಟ್ಟರೆ ಅವನನ್ನೇ ಬೈಯುವುದು ಯಾವ ನ್ಯಾಯ?

‘ಕೋಚ್ ಬದಲಾದರೆ ಹೊಸ ಗಾಳಿ ಬರುತ್ತದೆ’ ಅನ್ನುತ್ತಾರೆ. ಭಾರತದ ಹಾಕಿ ಈ ಗಾಳಿಯನ್ನು ಎಷ್ಟು ಸಲ ಕುಡಿದಿದೆ ಅಂತ ನೋಡಿ. ಟೆರಿ ವಾಲ್ಷ್ 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆಲ್ಲಿಸಿದರು, ಅದೇ ವರ್ಷ ಹೊರಟರು. ಪಾಲ್ ವಾನ್ ಆಸ್ 2015ರಲ್ಲಿ ಬಂದು ಅದೇ ವರ್ಷ ಹೋದರು. ರೋಲಂಟ್ ಓಲ್ಟ್‌ಮನ್ಸ್ ಅವರನ್ನು 2017ರ ಸೆಪ್ಟೆಂಬರ್‌ನಲ್ಲಿ ತೆಗೆದರು. ಅವರ ಜಾಗಕ್ಕೆ ಬಂದ ಶೋರ್ಡ್ ಮರೀನ್ ಅವರನ್ನು 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಿಂದ ಪದಕ ಇಲ್ಲದೆ ಬಂದ ಮೇಲೆ ಬದಲಿಸಿದರು. ಹರೇಂದ್ರ ಸಿಂಗ್ ಬಂದರು. ಭುವನೇಶ್ವರದ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನೆದರ್ಲೆಂಡ್ಸ್ ಎದುರು 1-2ರಲ್ಲಿ ಸೋತರು, 2019ರ ಜನವರಿಗೆ ಅವರೂ ಹೊರಗೆ. ನಾಲ್ಕು ವರ್ಷ ಚಿಲ್ಲರೆಯಲ್ಲಿ ಐದು ಕೋಚ್. ಒಬ್ಬರು ಬಂದು ಒಂದು ಪದ್ಧತಿ ಕಲಿಸುತ್ತಾರೆ, ಹುಡುಗರು ಅದನ್ನು ಕಾಲಿಗೆ ಇಳಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬಂದು ಮರೆಯಿರಿ ಅನ್ನುತ್ತಾರೆ.

ತೆಗೆದುಹಾಕಿದ ಮರೀನ್ ಏನು ಮಾಡಿದರು ಗೊತ್ತಾ? ಮತ್ತೆ ಮಹಿಳಾ ತಂಡಕ್ಕೆ ಹೋದರು. ಟೋಕಿಯೊದಲ್ಲಿ ಆ ತಂಡ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿತು, ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಸೆಮಿಫೈನಲ್‌ಗೆ ನಮ್ಮ ಹೆಣ್ಣುಮಕ್ಕಳು ಹಿಂದೆಂದೂ ಹೋಗಿರಲಿಲ್ಲ. ಒಂದು ಕಡೆ ಸಾಲದು ಅಂದ ಕೋಚ್, ಇನ್ನೊಂದು ಕಡೆ ಸಮಯ ಸಿಕ್ಕಾಗ ಅಷ್ಟು ಮಾಡಿದರು.

ಪುರುಷರ ತಂಡಕ್ಕೆ 2019ರ ಏಪ್ರಿಲ್‌ನಲ್ಲಿ ಗ್ರಹಾಂ ರೀಡ್ ಬಂದರು. ಟೋಕಿಯೊ ಲೀಗ್ ಹಂತದಲ್ಲಿ ಆಸ್ಟ್ರೇಲಿಯಾ ಎದುರು 1-7. ಆ ಸಂಜೆ ನಾನು ಟಿವಿ ಆಫ್ ಮಾಡಿ ಎದ್ದು ಹೋಗಿದ್ದೆ. ನಮ್ಮ ಕ್ಲಬ್ಬಾಗಿದ್ದರೆ ಮರುದಿನವೇ ತುರ್ತು ಸಭೆ ಕರೆಯುತ್ತಿದ್ದೆವು ಅಲ್ವಾ? ಅಲ್ಲಿ ಹಾಗಾಗಲಿಲ್ಲ. ಅದೇ ತಂಡ, ಅದೇ ಕೋಚ್. ಕಂಚಿನ ಪಂದ್ಯದಲ್ಲಿ ಜರ್ಮನಿಗೆ 1-3 ಹಿಂದೆ ಇದ್ದು 5-4ರಲ್ಲಿ ಗೆದ್ದರು. 1980ರ ನಂತರ, 41 ವರ್ಷಕ್ಕೆ ಒಲಿಂಪಿಕ್ ಪದಕ. ಅದಕ್ಕೂ ಮುಂಚೆ 2020ರಲ್ಲಿ ಆ ಹುಡುಗರು ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ಇದ್ದದ್ದು ನಮ್ಮ ಊರಿನ ಸಾಯ್ ಹಾಸ್ಟೆಲಿನಲ್ಲೇ. ಮೈದಾನ ಕಣ್ಣೆದುರು ಇದ್ದರೂ ಇಳಿಯುವಂತಿರಲಿಲ್ಲ. ಆ ದಿನಗಳನ್ನು ಜೊತೆಗೇ ಕಳೆದ ಕೋಚ್‌ಗೆ ತನ್ನ ಹುಡುಗರು ಯಾವಾಗ ಕುಸಿಯುತ್ತಾರೆ, ಯಾವಾಗ ಏಳುತ್ತಾರೆ ಅಂತ ಗೊತ್ತಿರುತ್ತದೆ. ಹೊಸಬರಿಗೆ ಅದು ಗೊತ್ತಾಗಲು ವರ್ಷ ಬೇಕು.

ರೀಡ್ ಕೂಡ ಕೊನೆಗೆ ಹೋದರು. 2023ರ ವಿಶ್ವಕಪ್‌ನಲ್ಲಿ, ನಮ್ಮ ನೆಲದಲ್ಲೇ, ನ್ಯೂಜಿಲೆಂಡ್ ಎದುರು ಎರಡು ಗೋಲಿನ ಮುನ್ನಡೆ ಬಿಟ್ಟುಕೊಟ್ಟು ಶೂಟೌಟ್‌ನಲ್ಲಿ ಸೋತೆವು. ಅವರು ರಾಜೀನಾಮೆ ಕೊಟ್ಟರು, ಕ್ರೇಗ್ ಫುಲ್ಟನ್ ಬಂದರು, ಪ್ಯಾರಿಸ್‌ನಲ್ಲಿ ಇನ್ನೊಂದು ಕಂಚು ಬಂತು. ಹಾಗಾಗಿ ಕೋಚ್ ಬದಲಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ರೀಡ್‌ಗೆ ನಾಲ್ಕು ವರ್ಷದ ಹತ್ತಿರ ಸಿಕ್ಕಿತ್ತು. ಶಿಬಿರಗಳು, ಸಹಾಯಕರು ಸಿಕ್ಕಿದ್ದರು. ನಮ್ಮ ಕೋಚ್‌ಗೆ ಕೇಳಿದ ಟರ್ಫ್ ಕೂಡ ಸಿಕ್ಕಿಲ್ಲ.

ಕೋಚ್‌ಗಳು ಬದಲಾಗಿ, ಮೇಲೆ ಕೂತವರು ಹಾಗೇ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರದ ಉದಾಹರಣೆ ಕೊಡುತ್ತೇನೆ. ನನ್ನ ತಂಗಿಯ ಮಗ ಟೊರೊಂಟೊದಲ್ಲಿದ್ದಾನೆ. ಅಲ್ಲಿನ ಐಸ್ ಹಾಕಿ ತಂಡ ಮೇಪಲ್ ಲೀಫ್ಸ್ ಅವನಿಗೆ ಪ್ರಾಣ. ‘ಮಾಮ, ನಿಮ್ಮ ಹಾಕಿಯೇ ಬೇರೆ, ನಮ್ಮದೇ ಬೇರೆ, ಹೊಟ್ಟೆ ಉರಿ ಮಾತ್ರ ಒಂದೇ’ ಅನ್ನುತ್ತಾನೆ. ಆ ತಂಡ ಅಲ್ಲಿನ ದೊಡ್ಡ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದು 1967ಕ್ಕೇ ಕೊನೆ. 2017ರಿಂದ 2025ರವರೆಗೆ ಸತತ ಒಂಬತ್ತು ವರ್ಷ ಪ್ಲೇಆಫ್ ಆಡಿದರು, ಗೆದ್ದ ಸರಣಿ ಎರಡೇ. ಏಳು ಪಂದ್ಯದ ಸರಣಿಯಲ್ಲಿ ಏಳನೇ ಪಂದ್ಯಕ್ಕೆ ಹೋಗಿ ಆರು ಸಲ ಸೋತರು. 2021ರಲ್ಲಿ ಮಾಂಟ್ರಿಯಲ್ ಎದುರು 3-1 ಮುಂದಿದ್ದ ಸರಣಿಯನ್ನೂ ಕಳೆದುಕೊಂಡರು. ಈ ನಡುವೆ ಎರಡು ಸಲ ಕೋಚ್ ಬದಲಾದರು, ಜನರಲ್ ಮ್ಯಾನೇಜರ್ ಬದಲಾದರು. 2014ರಿಂದ ಅಧ್ಯಕ್ಷರಾಗಿದ್ದ ಬ್ರೆಂಡನ್ ಶಾನಹಾನ್ ಮಾತ್ರ ಕೂತೇ ಇದ್ದರು. 2025ರ ಮೇನಲ್ಲಿ ತವರಿನಲ್ಲೇ ಏಳನೇ ಪಂದ್ಯ 1-6ರಲ್ಲಿ ಸೋತ ಮೇಲೆ ಅವರಿಗೂ ವಿದಾಯ ಹೇಳಿದರು. ಆಟಗಾರರನ್ನು ಯಾರು ಆರಿಸುತ್ತಾರೆ, ದುಡ್ಡು ಎಲ್ಲಿಗೆ ಹೋಗಬೇಕು ಅಂತ ಯಾರು ಹೇಳುತ್ತಾರೆ, ಅವರನ್ನು ಪ್ರಶ್ನೆ ಮಾಡಲು ಹನ್ನೊಂದು ವರ್ಷ ಬೇಕಾಯಿತು.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಆರ್‌ಸಿಬಿ ಇಲ್ಲವಾ? 2009, 2011, 2016, ಮೂರು ಫೈನಲ್ ಸೋಲು. 2023ರ ಸೀಸನ್ ನಂತರ ಕೋಚ್ ಬಂಗಾರ್, ನಿರ್ದೇಶಕ ಹೆಸನ್ ಇಬ್ಬರನ್ನೂ ಬಿಟ್ಟು ಆಂಡಿ ಫ್ಲವರ್, ಮೋ ಬೊಬಾಟ್ ಅವರನ್ನು ತಂದರು. ಮೊದಲ ವರ್ಷ, 2024ರಲ್ಲಿ, ಎಂಟು ಪಂದ್ಯದಲ್ಲಿ ಏಳು ಸೋತಾಗ ಈ ಊರಿನಲ್ಲಿ ಯಾರೆಲ್ಲ ಏನೆಲ್ಲ ಬೈದರು ಅಂತ ನೆನಪಿದೆ. ನಾನೂ ಬೈದೆ. ಆದರೆ ಅವರನ್ನು ಕಳಿಸಲಿಲ್ಲ. ತಂಡ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋಯಿತು, ಅಲ್ಲಿ ಎಲಿಮಿನೇಟರ್‌ನಲ್ಲೇ ಸೋತಿತು. ಆಗಲೂ ಕಳಿಸಲಿಲ್ಲ. ಹರಾಜಿನಲ್ಲಿ ಬೌಲಿಂಗ್ ಕಡೆ ಗಮನ ಕೊಟ್ಟು ಹೇಜಲ್‌ವುಡ್, ಭುವನೇಶ್ವರ್ ಕುಮಾರ್ ಥರದವರನ್ನು ತಂದರು. 2025ರ ಜೂನ್ 3ಕ್ಕೆ 18 ವರ್ಷದ ಕಾಯುವಿಕೆ ಮುಗಿಯಿತು. ಮರುದಿನ ಚಿನ್ನಸ್ವಾಮಿ ಮುಂದೆ 11 ಜೀವ ಹೋದದ್ದನ್ನು ನೆನೆಯದೆ ಆ ಕಪ್ಪಿನ ಮಾತು ಎತ್ತಲು ನನಗೆ ಮನಸ್ಸು ಬರುವುದಿಲ್ಲ. ಆದರೆ ತಂಡ ಕಟ್ಟಿದ ರೀತಿಯಿಂದ ಕಲಿಯುವುದು ಇದೆ. ಅಲ್ಲಿ ಬದಲಾವಣೆ ಆಟಗಾರರನ್ನು ಆರಿಸುವ ಜಾಗದವರೆಗೂ ಹೋಯಿತು. ಬಂದವರಿಗೆ ಎರಡನೇ ವರ್ಷವೂ ಸಿಕ್ಕಿತು.

ಕೋಚ್ ಅವರ ತಪ್ಪೇ ಇಲ್ಲವಾ? ಇದೆ. ಮುಂದಿದ್ದಾಗ ಕೊನೆಯ ಕ್ವಾರ್ಟರ್‌ನಲ್ಲಿ ಇಡೀ ತಂಡವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಾಲ್ಕು ಸೋಲಿನಲ್ಲಿ ಎರಡು ಸಲ ಇದೇ ಆಗಿದೆ. ಡಿ ಸುತ್ತ ಹತ್ತು ಜನ ನಿಂತರೆ ಚೆಂಡು ಯಾರದಾದರೂ ಕಾಲಿಗೆ ತಾಗಿಯೇ ತಾಗುತ್ತದೆ. ನಾನು ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ. ‘ಮುಂದೆ ಒತ್ತಲು ಕಾಲಿರಬೇಕಲ್ಲ ಸರ್’ ಅಂದರು. ಅರ್ಧ ಒಪ್ಪಿದೆ, ಅರ್ಧ ಒಪ್ಪಲಿಲ್ಲ. ಇಂಥ ಪ್ರಶ್ನೆಗಳನ್ನು ಸಭೆಯಲ್ಲಿ ಅವರಿಗೆ ಕೇಳಿ, ಉತ್ತರ ತೆಗೆದುಕೊಳ್ಳಿ. ಅದು ನಿಮ್ಮ ಹಕ್ಕು.

ಆದರೆ ಬೇಸಿಗೆ ಶಿಬಿರದ ಮಧ್ಯೆ ಕೊಡಗಿನ ಮೂರು ಹುಡುಗರನ್ನು ಊರಿಗೆ ಬಿಟ್ಟರು ಅನ್ನುವ ಆರೋಪ ಮಾತ್ರ ಕೈಬಿಡಿ, ದಯವಿಟ್ಟು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ಹಬ್ಬವಾಗಿತ್ತು. ಅಜ್ಜ, ಮೊಮ್ಮಗಳು ಒಂದೇ ಜೆರ್ಸಿ ಹಾಕಿ ಆಡುವ ಜಾಗ ಅದು. ಗಣೇಶ್, ಗೋವಿಂದ, ಸೋಮಯ್ಯ, ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್, ಇವರನ್ನೆಲ್ಲ ಕೊಟ್ಟ ಜಿಲ್ಲೆಯ ಹುಡುಗನಿಗೆ ಮನೆತನದ ಪರವಾಗಿ ಆಡಬೇಡ ಅಂತ ಹೇಳುವ ಕೋಚ್ ನನಗೂ ಬೇಡ. ಅಲ್ಲಿ ಆಡಿ ಬಂದ ಮೂವರೂ ಇನ್ನಷ್ಟು ಹುರುಪಿನಿಂದ ಆಡಿದ್ದನ್ನು ಎಲ್ಲರೂ ನೋಡಿದ್ದೇವೆ.

ಇನ್ನೊಂದು ಸತ್ಯ ಇದೆ. ಅದಕ್ಕೆ ಯಾವ ಕೋಚ್ ಕೈಯಲ್ಲೂ ಮದ್ದಿಲ್ಲ. ನಾವು ಎದುರಿಸುವುದು ಎಂಇಜಿ, ಎಎಸ್‌ಸಿ ಥರದ ಸೇನೆಯ ತಂಡಗಳನ್ನು, ಬ್ಯಾಂಕ್ ತಂಡಗಳನ್ನು. ಅಲ್ಲಿನ ಹುಡುಗರಿಗೆ ಹಾಕಿಯಿಂದ ಕೆಲಸ ಇದೆ, ಸಂಬಳ ಇದೆ. ನಮ್ಮ ಹುಡುಗರಲ್ಲಿ ಒಬ್ಬ ಬೆಳಗ್ಗೆ ಪ್ರಾಕ್ಟೀಸ್ ಮುಗಿಸಿ ರಾತ್ರಿವರೆಗೆ ಬೈಕಿನಲ್ಲಿ ಊಟ ತಲುಪಿಸುತ್ತಾನೆ. ಸೆಮಿಫೈನಲ್‌ಗೆ ಎರಡು ವಾರ ಮುಂಚೆ ಪೆನಾಲ್ಟಿ ಕಾರ್ನರ್ ಬಾರಿಸುವ ನಮ್ಮ ಒಬ್ಬನೇ ಡ್ರ್ಯಾಗ್ ಫ್ಲಿಕ್ಕರ್‌ಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು, ಹೋದ. ಅವನ ಅಮ್ಮ ಫೋನ್ ಮಾಡಿ ಅತ್ತರು, ಖುಷಿಗೆ. ಅದು ನಮ್ಮ ಕ್ಲಬ್ಬಿನ ಗೆಲುವು ಅಂತಲೇ ನಾನು ಅಂದುಕೊಂಡಿದ್ದೇನೆ. ಆದರೆ ಅವನ ಜಾಗಕ್ಕೆ ಇನ್ನೊಬ್ಬ ತಯಾರಿರಬೇಕಿತ್ತು. ಸೆಮಿಫೈನಲ್‌ನಲ್ಲಿ ನಮಗೆ ಏಳು ಪೆನಾಲ್ಟಿ ಕಾರ್ನರ್ ಸಿಕ್ಕವು, ಒಂದೂ ಗೋಲಾಗಲಿಲ್ಲ. ನೋಟ್‌ಬುಕ್ಕಿನಲ್ಲಿದೆ. ಎರಡನೇ ಫ್ಲಿಕ್ಕರ್ ತಯಾರು ಮಾಡಲು ಚೆಂಡು, ಟರ್ಫ್ ಸಮಯ ಕೇಳಿದ್ದು ಕೋಚ್ ಬರೆದ ಅದೇ ಎರಡನೇ ಪತ್ರದಲ್ಲಿ.

ಮ್ಯಾನೇಜರ್ ವಿಷಯದಲ್ಲಿ ನನಗೆ ತಕರಾರಿಲ್ಲ, ಬದಲಿಸಿ. ಅದು ಪ್ರತಿ ವರ್ಷ ಸಮಿತಿಯವರಿಗೆ ಸರದಿಯಂತೆ ಬರುವ ಪ್ರಯಾಣ ಆಗಿಬಿಟ್ಟಿದೆ. ಹುಡುಗರಿಗೆ ಹೊತ್ತಿಗೆ ಊಟ, ಐಸ್, ಟೇಪ್, ಒಣಗಿದ ಸಾಕ್ಸ್ ನೋಡಿಕೊಳ್ಳುವ ಒಬ್ಬರು ಬೇಕು.

ನಾನು ಭಾನುವಾರ ಮುಂದಿಡುವ ಕೋರಿಕೆ ಇದು. ಕೋಚ್‌ಗೆ ಇನ್ನು ಎರಡು ಸೀಸನ್ ಕೊಡಿ, ಬರವಣಿಗೆಯಲ್ಲಿ. ಹದಿನೆಂಟರ ಪಟ್ಟಿ ಅವರದೇ ಆಗಿರಲಿ. ಸಮಿತಿ ಪ್ರಶ್ನೆ ಕೇಳಲಿ, ಹೆಸರು ಸೇರಿಸುವುದು ಬೇಡ. ಟರ್ಫ್ ವಾರಕ್ಕೆ ಮತ್ತೆ ಮೂರು ದಿನ ಆಗಲಿ. ಅದರ ಖರ್ಚಿಗೆ ವಾರ್ಷಿಕ ಭೋಜನಕೂಟ ನಿಲ್ಲಿಸೋಣ. ಸಾಲದಿದ್ದರೆ ಸದಸ್ಯತ್ವದ ಹಣ ಏರಿಸೋಣ, ನಾನು ಮೊದಲು ಕೊಡುತ್ತೇನೆ. ಎರಡು ಸೀಸನ್ ಆದ ಮೇಲೂ ಶೂಟೌಟ್‌ನಲ್ಲಿ ಹೀಗೇ ನಿಂತರೆ ಕೋಚ್ ಬದಲಿಸುವ ಠರಾವಿಗೆ ನಾನೇ ಸಹಿ ಹಾಕುತ್ತೇನೆ. ಇದಕ್ಕೆ ಸಮಿತಿ ಒಪ್ಪದಿದ್ದರೆ, ಮೂರನೇ ವಿಷಯದಲ್ಲಿ ‘ಕೋಚ್’ ಇರುವ ಕಡೆ ‘ಸಮಿತಿ’ ಅಂತ ತಿದ್ದುಪಡಿ ತರುತ್ತೇನೆ. ಅದಕ್ಕೆ ಬೇಕಾದ ಸದಸ್ಯರ ಸಹಿ ನನ್ನ ಹತ್ತಿರ ಇದೆ. ಬಳಸುವ ಸಂದರ್ಭ ಬಾರದಿರಲಿ ಅಂತಲೇ ನನ್ನ ಮನಸ್ಸು.

ಒಂದು ವಿನಂತಿ. ಆ ಗೋಲ್‌ಕೀಪರ್ ಹುಡುಗನನ್ನು ಸಭೆಗೆ ಕರೆಸಿ ನಿಲ್ಲಿಸಬೇಡಿ. ಸೋತ ದಿನದಿಂದ ಅವನು ದಿನಾ ಬೆಳಗ್ಗೆ ಐದೂವರೆಗೆ ಮಣ್ಣಿನ ಮೈದಾನಕ್ಕೆ ಬರುತ್ತಿದ್ದಾನೆ. ನಾನು ಟೆನಿಸ್ ಚೆಂಡು ಎಸೆಯುತ್ತೇನೆ, ಅವನು ಕಾಲಿನಲ್ಲಿ ತಳ್ಳುತ್ತಾನೆ. ಟರ್ಫ್ ಸಿಗುವವರೆಗೆ ನಮಗೆ ಅಷ್ಟೇ ಸಾಧ್ಯ. ಭಾನುವಾರವೂ ಅದು ಮುಗಿಸಿಕೊಂಡೇ ಸಭೆಗೆ ಬರುತ್ತೇನೆ. ನಾಲ್ಕು ವರ್ಷದ ನೋಟ್‌ಬುಕ್ಕುಗಳು ಜೊತೆಗಿರುತ್ತವೆ. ಯಾರು ಬೇಕಾದರೂ ತೆಗೆದು ನೋಡಬಹುದು.

ನಿಮ್ಮವನೇ ಆದ,
ಕ್ಲಬ್ಬಿನ ಹಳೆಯ ಗೋಲ್‌ಕೀಪರ್
ಬೆಂಗಳೂರು